ಸಾಕು ಅಂದವನು

ಜನವರಿ ೧೧

ಕಡ್ಡಿಗೆ,

ಅಕ್ಷರ ನೋಡಿದ ಕೂಡಲೇ ಯಾರದೆಂದು ಗೊತ್ತಾಗಿರುತ್ತದೆ. ಹರಿದು ಹಾಕಬೇಕು ಅನಿಸಿದರೆ ಹಾಕು, ಆದರೆ ಓದಿ ಆಮೇಲೆ ಹರಿ. ಹನ್ನೊಂದು ವರ್ಷದ ಮೇಲೆ ನಿನಗೆ ಬರೆಯುತ್ತಿದ್ದೇನೆ. ನಿನ್ನ ಫೋನ್ ನಂಬರನ್ನೂ ನಿನಗೆ ಕೆಲಸ ಕೊಡುವ ಟೈಲ್ಸ್ ಅಂಗಡಿಯವನು ಕೊಟ್ಟ. ಆದರೆ ಫೋನಿನಲ್ಲಿ ನೀನು 'ಹೂಂ' ಅನ್ನುವುದು, ಆ ಹೂಂ ಯಾವ ಹೂಂ ಅಂತ ನಾನು ತಲೆ ಕೆಡಿಸಿಕೊಳ್ಳುವುದು, ಇದೆಲ್ಲ ಬೇಡ ಅಂತ ವಿಳಾಸ ಕೇಳಿ ತೆಗೆದುಕೊಂಡೆ.

ನೇರ ವಿಷಯಕ್ಕೆ ಬರುತ್ತೇನೆ. ನಾಲ್ಕು ವರ್ಷದ ಹಿಂದೆ ನನಗೆ ಕ್ಯಾನ್ಸರ್ ಅಂತ ಹೇಳಿ ಎಡಗಡೆಯ ಕಿಡ್ನಿ ತೆಗೆದರು. ಪೀಡೆ ಅಲ್ಲಿಗೆ ತೊಲಗಿತು ಅಂದುಕೊಂಡಿದ್ದೆ. ಹೋದ ವರ್ಷ ಸೊಂಟ ನೋಯಲು ಶುರುವಾಯಿತು. ನಲವತ್ತು ವರ್ಷ ಮೂಟೆ ಹೊತ್ತ ಸೊಂಟ, ನೋಯದೆ ಇನ್ನೇನು ಹಾಡು ಹೇಳುತ್ತದೆಯೇ ಅಂತ ಎಣ್ಣೆ ತಿಕ್ಕಿಕೊಂಡು ಮೂರು ತಿಂಗಳು ಯಾರಿಗೂ ಬಾಯಿಬಿಡಲಿಲ್ಲ. ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಸೀನು ಬಂತು ನೋಡು, ಬೆನ್ನಲ್ಲಿ ಏನೋ ಲಟಕ್ಕೆಂದಿತು, ನಾನು ಬಚ್ಚಲಲ್ಲೇ ಕುಸಿದು ಕುಳಿತೆ. ಮಗಳು ಬೈದುಕೊಂಡು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಕ್ಯಾನ್ಸರ್ ಮೂಳೆಗೆ ಹರಡಿದೆ. ಸೊಂಟದ ಹತ್ತಿರದ ಒಂದು ಮೂಳೆ ಒಳಗೊಳಗೇ ಟೊಳ್ಳಾಗಿ, ಬಿರುಕು ಬಿಟ್ಟು, ಕಾಲುಭಾಗ ಕುಸಿದಿದೆ. ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದರು. ನೋಡಿದವನೇ "ಹಳೇ ಅಂಚೆ ಕಚೇರಿ ಹಿಂದಿನ ಗೋಡೆ!" ಅಂದುಬಿಟ್ಟೆ. ಹೊರಗಿನಿಂದ ನೆಟ್ಟಗೆ ನಿಂತು, ಒಳಗೆ ಹುಳ ತಿಂದಿತ್ತಲ್ಲ, ಥೇಟ್ ಅದೇ. ಡಾಕ್ಟರಿಗೆ ಅರ್ಥವಾಗಲಿಲ್ಲ. ನೀನಿದ್ದಿದ್ದರೆ ಅರ್ಥವಾಗುತ್ತಿತ್ತು.

ಹತ್ತು ಸಲ ಕಿರಣ ಚಿಕಿತ್ಸೆ ಕೊಟ್ಟರು, ನೋವು ಸ್ವಲ್ಪ ತಗ್ಗಿದಂತೆ ಮಾಡಿ ಮತ್ತೆ ಏರಿತು. ನೋವಿನ ಮಾತ್ರೆ ನುಂಗಿದರೆ ದಿನವಿಡೀ ತೂಕಡಿಕೆ, ಹೊಟ್ಟೆ ಕಲ್ಲು. ಈಗ ಇನ್ನೊಬ್ಬ ಡಾಕ್ಟರಮ್ಮ ಬಂದಿದ್ದಾರೆ. ಕೊಯ್ಯುವುದಿಲ್ಲವಂತೆ. ಬೆನ್ನಿನ ಚರ್ಮ ಮರಗಟ್ಟಿಸಿ, ಎಕ್ಸರೇ ಚಿತ್ರ ನೋಡಿಕೊಂಡೇ ಪೆನ್ನಿನ ರೀಫಿಲ್ ದಪ್ಪದ ಟೊಳ್ಳು ಸೂಜಿಯನ್ನು ಮೂಳೆಯೊಳಕ್ಕೆ ಇಳಿಸುತ್ತಾರಂತೆ. ಅದರ ತುದಿಯನ್ನು ಬಿಸಿ ಮಾಡಿ ಗಡ್ಡೆ ಸುಡುವುದು, ಆಮೇಲೆ ಅದೇ ತೂತಿನಿಂದ ಸಿಮೆಂಟು ತುಂಬುವುದು. ಸಿಮೆಂಟು ಕಣೋ! ಅವರು ಬಾಯಿಬಿಟ್ಟು ಹಾಗೇ ಅಂದರು. ರೋಗ ವಾಸಿಯಾಗುವುದಿಲ್ಲ, ನೋವು ಹೋಗಬಹುದು, ನೆಟ್ಟಗೆ ಕೂರಬಹುದು, ಅಷ್ಟೇ ಅಂತ ಮೊದಲೇ ಹೇಳಿದ್ದಾರೆ.

ಎಲ್ಲರಿಗೂ ಇದು ಸಮಾಧಾನದ ಮಾತು. ನನಗೆ ಮಾತ್ರ ಕೇಳಿದಾಗಿನಿಂದ ಹೆದರಿಕೆ. ನಾವು ಸ್ವಂತವಾಗಿ ಹಿಡಿದ ಮೊದಲನೇ ಕೆಲಸ ನೆನಪಿದೆಯಾ? ಔಷಧಿ ಅಂಗಡಿಯ ಗೋಡೆ, ಅದರ ಬಿರುಕಿನೊಳಕ್ಕೆ ಸಿಮೆಂಟು ತುಂಬುವುದು. ನಾನು ಪಂಪು ಒತ್ತಿದ್ದೇ ಒತ್ತಿದ್ದು, ಗೋಡೆ ಹನ್ನೊಂದು ಬಕೆಟ್ ಸಿಮೆಂಟು ಹಾಲು ಕುಡಿಯಿತು, ನಾವು ಎಂಥಾ ಬಿರುಕು ಹಿಡಿದೆವಪ್ಪಾ ಅಂತ ಬೀಗಿದೆವು. ಮಾರನೇ ದಿನ ಪಕ್ಕದ ಛತ್ರಿ ರಿಪೇರಿಯವನು ನೆಲಮಾಳಿಗೆಯ ಬಾಗಿಲು ತೆಗೆದರೆ ನಲವತ್ತು ಛತ್ರಿ ಮೊಣಕಾಲುದ್ದ ಸಿಮೆಂಟಿನಲ್ಲಿ ನೆಟ್ಟಗೆ ನಿಂತಿದ್ದವು. ಅವನು ಬೈದ ಬೈಗುಳಕ್ಕೆ ನೀನು ನಗು ತಡೆಯಲಾರದೆ ಬಕೆಟ್ಟಿನೊಳಗೆ ಮುಖ ಇಟ್ಟುಕೊಂಡೆ. ಈಗ ಆ ನೆಲಮಾಳಿಗೆ ನನ್ನ ಬೆನ್ನಲ್ಲಿದೆ ಕಡ್ಡಿ. ಮೂಳೆಯ ಹಿಂದೆಯೇ ಕಾಲಿಗೆ ಹೋಗುವ ನರಗಳಿವೆಯಂತೆ. ಸಿಮೆಂಟು ಸೋರಿ ಅಲ್ಲಿಗೆ ಹೋದರೆ?

ತುಂಬುವ ಕೆಲಸದಲ್ಲಿ ನಾನು ನಂಬುವ ಮನುಷ್ಯ ಈ ಭೂಮಿಯ ಮೇಲೆ ನೀನೊಬ್ಬನೇ. ಹೂಂ ಅನ್ನಲೋ ಬೇಡವೋ, ಹೇಳು. ಆ ಲೈಬ್ರರಿಯ ಮೆಟ್ಟಿಲು ಗೋಡೆಯ ವಿಷಯ ನಾನು ಇದರಲ್ಲಿ ಎತ್ತುವುದಿಲ್ಲ.

ಇಂತಿ,
ಕುಳ್ಳ


ಜನವರಿ ೨೭

ಕುಳ್ಳನಿಗೆ,

ಕಾಗದ ಬಂತು. ಕಿಡ್ನಿ ತೆಗೆದದ್ದು ನನಗೆ ಗೊತ್ತಿರಲಿಲ್ಲ.

ಆ ಡಾಕ್ಟರಮ್ಮನನ್ನು ಕೇಳು. ಹದ ಎಂಥದು, ನೀರಾಗಿಯೋ ಗಟ್ಟಿಯಾಗಿಯೋ. ಎಷ್ಟು ನಿಮಿಷಕ್ಕೆ ಗಟ್ಟಿಯಾಗಿ ಕೂರುತ್ತದೆ. ಸೋರಿದರೆ ಅವರಿಗೆ ಹೇಗೆ ತಿಳಿಯುತ್ತದೆ, ಸೋರಿ ಆದಮೇಲೋ, ಸೋರುವಾಗಲೋ. ಛತ್ರಿಯವನ ಗೋಡೆಗೆ ನಾವು ತೆಳ್ಳಗೆ ಕಲಸಿದ್ದೆವು. ಅದು ನನ್ನ ತಪ್ಪು. ಆಮೇಲೆ ಹಾಗೆ ಕಲಸಲಿಲ್ಲ.

ಇನ್ನೊಂದು. ಸಾಕು ಅನ್ನುವವರು ಯಾರು ಅಂತ ಕೇಳು.

ನಾನು ಚೆನ್ನಾಗಿದ್ದೇನೆ. ಮೊಣಕಾಲು ಸ್ವಲ್ಪ ಹಿಡಿದುಕೊಳ್ಳುತ್ತದೆ. ಟೈಲ್ಸ್ ಹಾಕುವ ಕೆಲಸ ಕೂತೇ ಮಾಡಬೇಕಲ್ಲ.

ಕಡ್ಡಿ


ಫೆಬ್ರವರಿ ೧೫

ಕಡ್ಡಿಗೆ,

ನಿನ್ನ ಕಾಗದ ಅರ್ಧ ಪುಟ. ಮೂರು ಸಲ ಓದಿದೆ. ಮೂರನೇ ಸಲಕ್ಕೆ ಹೋಗಿ ಒಳ್ಳೆ ಕನ್ನಡಕ ಹಾಕಿಕೊಂಡು ಬಂದೆ.

ಡಾಕ್ಟರಮ್ಮನನ್ನು ಕೇಳಿದೆ. ಚಿಕ್ಕ ಕೋಣೆ, ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಬೆನ್ನುಮೂಳೆ, ಗೋಡೆಯ ಮೂಲೆಯಲ್ಲಿ ತೇವ ಹಿಡಿದು ಸುಣ್ಣ ಉಬ್ಬಿತ್ತು. ನನ್ನ ಕಣ್ಣು ಮೊದಲು ಹೋದದ್ದು ಅಲ್ಲಿಗೇ. ಅವರಿಗೆ ನಮ್ಮ ಮಗಳಷ್ಟೇ ವಯಸ್ಸು.

"ಮೇಡಂ, ಹದ ಹೇಗಿರುತ್ತೆ?" ಅಂದೆ.

"ಹಲ್ಲುಜ್ಜೋ ಪೇಸ್ಟ್ ಇರುತ್ತಲ್ಲ, ಹಾಗೆ. ತೆಳ್ಳಗಿದ್ರೆ ನಾವು ಮುಟ್ಟೋದೇ ಇಲ್ಲ. ಗಟ್ಟಿಯಾಗೋವರೆಗೂ ಕಾಯ್ತೀವಿ."

ಅಲ್ಲಿಗೆ ಅರ್ಧ ಧೈರ್ಯ ಬಂತು. ಇದು ನಮ್ಮ ಸಿಮೆಂಟ್ ಅಲ್ಲವಂತೆ, ಒಂದು ಪುಡಿ, ಒಂದು ದ್ರವ, ಎರಡೂ ಬೆರೆತರೆ ಗಟ್ಟಿಯಾಗುವ ಅಂಟಿನ ಜಾತಿ. ಹತ್ತು ಹನ್ನೆರಡು ನಿಮಿಷಕ್ಕೆ ಕೂತುಬಿಡುತ್ತದೆ. ಸೋರುವುದು ಕಾಣಲಿ ಅಂತ ಎಕ್ಸರೇಯಲ್ಲಿ ಎದ್ದು ಕಾಣುವ ಪುಡಿಯೊಂದನ್ನು ಅದರಲ್ಲೇ ಬೆರೆಸಿರುತ್ತಾರೆ. ಒಂದೊಂದು ಹನಿ ಒಳಗೆ ಹೋಗುವುದೂ ಪರದೆಯ ಮೇಲೆ ಕಾಣುತ್ತದೆ. ಗಡಿ ದಾಟುತ್ತಿದೆ ಅನಿಸಿದರೆ ಅಲ್ಲಿಗೇ ನಿಲ್ಲಿಸುವುದು.

"ಸಾಕು ಅಂತ ಯಾರು ಹೇಳ್ತಾರೆ?"

"ನಾನೂ ನೋಡ್ತಿರ್ತೀನಿ. ಪರದೆ ಮುಂದೆ ಇನ್ನೊಬ್ರು ಇರ್ತಾರೆ, ಅವರ ಕೆಲಸಾನೇ ಅದು. ಅವರು ನಿಲ್ಲಿಸಿ ಅಂದ್ರೆ ನಿಲ್ಲಿಸ್ತೀನಿ."

"ಅವರು ಅಂದ್ರೆ ನೀವು ನಿಲ್ಲಿಸೇ ನಿಲ್ಲಿಸ್ತೀರಾ?"

ಅವರು ನಕ್ಕರು. "ಇಷ್ಟು ಪ್ರಶ್ನೆ ನನ್ನ ಪರೀಕ್ಷೇಲೂ ಕೇಳಿರ್ಲಿಲ್ಲ" ಅಂದರು. ಮಗಳು ನನ್ನ ಕಾಲು ತುಳಿದಳು. ಆದರೆ ನಾನು ತಮಾಷೆಗೆ ಕೇಳಿರಲಿಲ್ಲ ಕಡ್ಡಿ. ಅವರು ನಗುತ್ತಿದ್ದರೆ ನನಗೆ ಲೈಬ್ರರಿಯ ಮೆಟ್ಟಿಲೇ ಕಣ್ಣಮುಂದೆ ಬಂತು. ಎತ್ತುವುದಿಲ್ಲ ಅಂತ ಬರೆದಿದ್ದೆ, ಈಗ ಎತ್ತುತ್ತೇನೆ.

ನೂರು ವರ್ಷದ ಗೋಡೆ. ಯಾರೋ ಪುಣ್ಯಾತ್ಮರು ಸುಣ್ಣದ ಗಾರೆಯಲ್ಲಿ ಬಳ್ಳಿ ಬಿಡಿಸಿ, ಬಳ್ಳಿಯ ತುಂಬ ಹಕ್ಕಿ ಕೂರಿಸಿದ್ದರು. ಆ ಗೋಡೆ ನಮ್ಮ ಕೈಗೆ ಬಂದಾಗ ನೀನು ಮೂರು ದಿನ ಬರೀ ಅದನ್ನು ತಟ್ಟಿ ತಟ್ಟಿ ಕೇಳಿದೆ. ಎಲ್ಲಿ ಟೊಳ್ಳು, ಎಲ್ಲಿ ಗಟ್ಟಿ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಪಂಪು ನನ್ನದು, ಕಿವಿ ನಿನ್ನದು. ಇಪ್ಪತ್ತೇಳು ವರ್ಷ ಹಾಗೇ ದುಡಿದೆವು. ಗೋಡೆಗೆ ಕಿವಿ ಹಚ್ಚಿ ನಿಂತು ನೀನು "ಸಾಕು" ಅಂದರೆ ನನ್ನ ಕೈ ತಾನಾಗಿ ನಿಲ್ಲುತ್ತಿತ್ತು. ಬಿದಿರಿನ ಸಾರುವೆಯ ಮೇಲೆ ನಾನು, ಕೆಳಗೆ ನೀನು, ನಡುವೆ ಆ ಒಂದು ಮಾತು. ನನ್ನ ಆಯುಸ್ಸಿನಲ್ಲಿ ಅದಕ್ಕಿಂತ ನೆಮ್ಮದಿಯ ದಿನಗಳನ್ನು ನಾನು ಕಂಡಿಲ್ಲ.

ಆವತ್ತು ಸಂಜೆಯೊಳಗೆ ಆ ಸಾಲು ಮುಗಿಸಬೇಕು ಅಂತ ನನಗೆ ಹಟ. ಮನೆಯಲ್ಲಿ ನಿನ್ನ ಅತ್ತಿಗೆ ಹಾಸಿಗೆ ಹಿಡಿದಿದ್ದಳು, ಬೇಗ ಹೋಗಬೇಕಿತ್ತು. ನೀನು ಸಾಕು ಅಂದೆ. ಇನ್ನೊಂಚೂರು ಅಂತ ನಾನು ಒತ್ತಿದೆ. ಮತ್ತೆ ಸಾಕು ಅಂದೆ, ಈ ಸಲ ಜೋರಾಗಿ. ಆಮೇಲೆ ಗೋಡೆ ಹೊಟ್ಟೆ ಉಬ್ಬಿಸಿಕೊಂಡಿತು, ಮೂರು ಮೊಳದ ಬಳ್ಳಿ, ಅಷ್ಟೂ ಹಕ್ಕಿ, ನಮ್ಮ ಕಾಲ ಬುಡಕ್ಕೆ ಬಂದು ಬಿತ್ತು.

ಇಂಜಿನಿಯರು ಓಡಿಬಂದು ಏನಾಯಿತು ಅಂದಾಗ ನಾನು "ಹದ ತಪ್ಪಿದೆ ಸಾರ್, ನೀರು ಜಾಸ್ತಿ" ಅಂದುಬಿಟ್ಟೆ. ಹದ ನಿನ್ನದು. ನೀನು ನನ್ನ ಮುಖ ನೋಡಿದೆ, ಬಕೆಟ್ ತೊಳೆದಿಟ್ಟೆ, ಹೋದೆ. ಹಳೇ ಕಟ್ಟಡದ ಕೆಲಸಕ್ಕೆ ನಿನ್ನನ್ನು ಮತ್ತೆ ಯಾರೂ ಕರೆಯಲಿಲ್ಲ.

ನೀನು ಸಾಕು ಅಂದದ್ದು ಕೇಳಿಸಲಿಲ್ಲ ಅಂತ ನಾನು ಹೆಂಡತಿಗೂ ಹೇಳಿದೆ, ಮಗಳಿಗೂ ಹೇಳಿದೆ. ಕೇಳಿಸಿತ್ತು. ಎರಡು ಸಲವೂ ಕೇಳಿಸಿತ್ತು.

ಇಂತಿ,
ಕುಳ್ಳ


ಮಾರ್ಚ್ ೬

ಕಡ್ಡಿಗೆ,

ಮೂರು ವಾರವಾಯಿತು, ಉತ್ತರವಿಲ್ಲ. ಕೇಳುವ ಮುಖ ನನಗಿಲ್ಲ.

ಈಗ ಮಲಗಲು ಆಗುವುದಿಲ್ಲ. ಕುರ್ಚಿಯಲ್ಲಿ ನಾಲ್ಕು ದಿಂಬು ಒಟ್ಟಿಕೊಂಡು ಒರಗಿರುತ್ತೇನೆ. ಮಗ್ಗುಲು ಬದಲಿಸುವ ಮುಂಚೆ ಮನಸ್ಸಿನಲ್ಲೇ ಒಂದು ಸಲ ಬದಲಿಸಿ ನೋಡುತ್ತೇನೆ, ಆಮೇಲೆ ಬೇಡ ಬಿಡು ಅಂತ ಹಾಗೇ ಇರುತ್ತೇನೆ. ಮಗಳು ಕನ್ನಡಕದ ಅಂಗಡಿಯ ಕೆಲಸಕ್ಕೆ ಹೊರಟಾಗ ನಾನು ಯಾವ ಭಂಗಿಯಲ್ಲಿರುತ್ತೇನೋ, ಅವಳು ಮಧ್ಯಾಹ್ನ ಊಟಕ್ಕೆ ಬಂದಾಗಲೂ ಅದೇ.

ಒಪ್ಪಿಗೆ ಪತ್ರ ಮೇಜಿನ ಮೇಲಿದೆ. ಸಹಿ ಹಾಕಿಲ್ಲ. ಮಗಳು ದಿನಾ ಪೆನ್ನು ತಂದು ಅದರ ಮೇಲಿಡುತ್ತಾಳೆ, ನಾನು ದಿನಾ ಪೆನ್ನನ್ನು ಡಬ್ಬಿಗೆ ಹಾಕಿಸುತ್ತೇನೆ. "ನಿಮಗೇನು ಹುಚ್ಚಾ ಅಪ್ಪಾ? ನೋವು ತಿನ್ನೋದ್ರಲ್ಲಿ ಅದೇನು ದೊಡ್ಡಸ್ತಿಕೆ?" ಅಂದಳು ನಿನ್ನೆ, ಅಳುತ್ತಾ. ಅವಳಿಗೆ ಹೇಗೆ ಹೇಳಲಿ. ಪಂಪು ಹಿಡಿದ ಕೈ ಹೇಗಿರುತ್ತದೆ ಅಂತ ನನಗೆ ಗೊತ್ತು. ಇನ್ನೊಂಚೂರು ಒತ್ತೋಣ ಅನಿಸುತ್ತದೆ. ಆ ಡಾಕ್ಟರಮ್ಮನ ಕೈಯನ್ನು ನಾನು ನಂಬುತ್ತಿಲ್ಲ ಅಂತಲ್ಲ. ನನ್ನ ಕೈಯೇ ಕಣ್ಣಿಗೆ ಕಟ್ಟುತ್ತದೆ.

ನೀನು ಬರೆಯದಿದ್ದರೂ ಸರಿ.

ಕುಳ್ಳ


ಮಾರ್ಚ್ ೧೪

ಕುಳ್ಳಾ,

ಸಹಿ ಹಾಕು.

ನೀನು ಕೇಳಿದ್ದು ತುಂಬುವ ವಿಷಯ, ನಾನು ಹೇಳುತ್ತಿರುವುದೂ ತುಂಬುವ ವಿಷಯ. ಗಟ್ಟಿಯಾಗಿ ಕಲಸುತ್ತಾರೆ, ಕಣ್ಣಿಟ್ಟು ತುಂಬುತ್ತಾರೆ, ಬೇರೆಯವರು ಸಾಕು ಅಂದರೆ ನಿಲ್ಲಿಸುತ್ತಾರೆ. ನಮಗಿಂತ ಚೆನ್ನಾಗಿದೆ. ಲೈಬ್ರರಿ ಗೋಡೆ ಬೇರೆ ವಿಷಯ. ಎರಡನ್ನೂ ಒಂದೇ ಬಕೆಟ್ಟಿನಲ್ಲಿ ಕಲಸಬೇಡ.

ಅಲ್ಲಿ ಪಂಪು ಹಿಡಿಯುವವನು ನೀನಲ್ಲ. ಅದರಲ್ಲಿ ಇರುವ ಒಳ್ಳೆಯ ಅಂಶವೇ ಅದು.

ಮಗಳನ್ನು ಅಳಿಸಬೇಡ.

ಕಡ್ಡಿ


ಮಾರ್ಚ್ ೨೯

ಪ್ರೀತಿಯ ಕಡ್ಡಿ ಮಾಮನಿಗೆ,

ಅಪ್ಪನಿಗೆ ಇನ್ನೂ ಎರಡು ದಿನ ಕೂತು ಬರೆಯಬಾರದು ಅಂದಿದ್ದಾರೆ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಅವರು ಮಲಗಿಕೊಂಡು ಹೀಗೆ ಬರಿ, ಹಾಗೆ ಬರಿ ಅನ್ನುತ್ತಿದ್ದರು. ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿಕೊಂಡಿದ್ದೇನೆ.

ನಿಮ್ಮ ಕಾಗದ ಬಂದ ದಿನ ಅಪ್ಪ ತಾವೇ ಪೆನ್ನು ಕೇಳಿದರು. ಏನು ಬರೆದಿದ್ದಿರೋ ನನಗೆ ತೋರಿಸಲಿಲ್ಲ. ನಾನು ಎರಡು ತಿಂಗಳು ಬಾಯಿ ಬಡಿದುಕೊಂಡದ್ದು ನೀವು ಒಂದು ಕಾಗದದಲ್ಲಿ ಮಾಡಿಬಿಟ್ಟಿರಿ. ಸ್ವಲ್ಪ ಹೊಟ್ಟೆಕಿಚ್ಚಾಯಿತು, ನಿಜ ಹೇಳುತ್ತೇನೆ.

ಮೊನ್ನೆ ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಕರೆದುಕೊಂಡು ಹೋದರು. ಬೋರಲು ಮಲಗಿಸಿ, ಕೈಗೆ ಮಂಪರಿನ ಔಷಧಿ ಕೊಟ್ಟು, ಬೆನ್ನು ಮರಗಟ್ಟಿಸಿ ಶುರು ಮಾಡಿದರಂತೆ. ಒಂದು ಗಂಟೆ ಇಪ್ಪತ್ತು ನಿಮಿಷ. ನಾನು ಹೊರಗೆ ಬೆಂಚಿನ ಮೇಲೆ ಕೂತು ಎದುರು ಗೋಡೆಯ ಬಿರುಕು ನೋಡುತ್ತಿದ್ದೆ. ಚಿಕ್ಕವಳಿದ್ದಾಗ ಬೇಸಿಗೆ ರಜೆಯಲ್ಲಿ ನೀವು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗೋಡೆ ತಟ್ಟುವುದು ಕಲಿಸಿದ್ದಿರಿ. "ಟಣ್ ಅಂದ್ರೆ ಗಟ್ಟಿ, ಡಬ್ ಅಂದ್ರೆ ನಿಮ್ಮಪ್ಪನ ತಲೆ" ಅನ್ನುತ್ತಿದ್ದಿರಿ. ಎದ್ದು ಹೋಗಿ ಆ ಗೋಡೆ ತಟ್ಟಿದೆ. ನರ್ಸಮ್ಮ ವಿಚಿತ್ರವಾಗಿ ನೋಡಿದರು.

ಎರಡು ಸೂಜಿ ಹಾಕಿದರಂತೆ, ಎಡಕ್ಕೊಂದು ಬಲಕ್ಕೊಂದು. ಗಡ್ಡೆ ಸುಟ್ಟು, ಸಿಮೆಂಟ್ ತುಂಬುವಾಗ ಒಂದು ಮೂಲೆಯಲ್ಲಿ ಸಣ್ಣ ಎಳೆ ಹೊರಗೆ ಬರುವಂತೆ ಕಂಡಿತಂತೆ. ಪರದೆ ನೋಡುವವರು ನಿಲ್ಲಿಸಿ ಅಂದರು. ಡಾಕ್ಟರ್ ನಿಲ್ಲಿಸಿದರು. ಅಷ್ಟಕ್ಕೇ ಮುಗಿಸಿದರು, ಏನೂ ತೊಂದರೆಯಾಗಿಲ್ಲ. ಆದರೆ ಆ ಹೊತ್ತಿಗೆ ಅಪ್ಪ ಮಂಪರಿನಲ್ಲೇ "ನಿಲ್ಸಿ, ನಿಲ್ಸಿ, ಅವನು ಹೇಳಿದ್ರೆ ಹೇಳಿದ್ದೇ, ಅವನ ಕಿವಿ ಸುಳ್ಳು ಹೇಳಲ್ಲ" ಅಂತ ಗಟ್ಟಿಯಾಗಿ ಅಂದರಂತೆ. ಡಾಕ್ಟರ್ ಹೊರಗೆ ಬಂದು, "ನಿಮ್ಮಪ್ಪ ಯಾರ ಬಗ್ಗೆ ಮಾತಾಡ್ತಿದ್ರು?" ಅಂತ ನನ್ನನ್ನು ಕೇಳಿದರು. ನನ್ನ ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಒಬ್ಬರಿದ್ದರು ಅಂದೆ. 

ಸಂಜೆಗೆ ಎಬ್ಬಿಸಿ ನಿಲ್ಲಿಸಿದರು. ಬೆನ್ನಲ್ಲಿ ಎರಡು ಪುಟ್ಟ ಪಟ್ಟಿ, ಅಷ್ಟೇ. ಮರುದಿನ ಮನೆಗೆ ಬಂದೆವು. ಸೂಜಿ ಹಾಕಿದ ಜಾಗ ನೋಯುತ್ತದೆ, ಹಳೇ ನೋವು ಅರ್ಧಕ್ಕರ್ಧ ಇಳಿದಿದೆ ಅನ್ನುತ್ತಾರೆ.

ಮಾಮ, ಒಂದು ಮಾತು. ಅಮ್ಮ ಹೋದ ದಿನ ನೀವು ಗೇಟಿನ ಹತ್ತಿರ ಬಂದು ನಿಂತಿದ್ದನ್ನು ನಾನು ಮಹಡಿಯ ಕಿಟಕಿಯಿಂದ ನೋಡಿದೆ. ಒಳಗೆ ಬರುತ್ತೀರಿ ಅಂದುಕೊಂಡೆ. ಕೆಳಗಿಳಿದು ಬರುವಷ್ಟರಲ್ಲಿ ನೀವಿರಲಿಲ್ಲ. ಇದುವರೆಗೂ ಅಪ್ಪನಿಗೆ ಹೇಳಿಲ್ಲ.

ನಿಮ್ಮ,
ಪುಟ್ಟಿ
(ಈಗ ಪುಟ್ಟಿಗೂ ಒಂದೆರಡು ನರೆಗೂದಲು ಬಂದಿವೆ)


ಏಪ್ರಿಲ್ ೨೦

ಕಡ್ಡಿಗೆ,

ಇವತ್ತು ಬೆಳಿಗ್ಗೆ ನಾನು ಅಂಗಾತ ಮಲಗಿ ಎದ್ದೆ. ಆಮೇಲೆ ಕುರ್ಚಿಯಲ್ಲಿ ಕೂತು ಕಾಲನ್ನೇ ಮೇಲೆತ್ತಿಕೊಂಡು ಶೂ ಲೇಸು ಕಟ್ಟಿದೆ. ಎಲ್ಲಿಗೂ ಹೋಗುವುದಿರಲಿಲ್ಲ, ಸುಮ್ಮನೆ ಕಟ್ಟಿ ಬಿಚ್ಚಿದೆ. ಮಗಳು "ಅಪ್ಪಾ, ಎಳೇ ಮಗು ಆಗ್ಬಿಟ್ರಿ" ಅಂದಳು. ಹಾಗೇ ಅನಿಸುತ್ತದೆ ಕಣೋ. ನೋವಿದ್ದಾಗ ಮನೆಯಲ್ಲಿ ಕಿಟಕಿಗಳಿವೆ ಅನ್ನುವುದೇ ಮರೆತುಹೋಗಿತ್ತು.

ನೋವು ಹೋಗಿದೆ, ರೋಗ ಹೋಗಿಲ್ಲ. ಬಲಗಡೆ ಸೊಂಟದ ಮೂಳೆಯಲ್ಲಿ ಇನ್ನೊಂದು ಚುಕ್ಕೆ ಕಾಣುತ್ತದಂತೆ. ಸದ್ಯಕ್ಕೆ ಸುಮ್ಮನಿದೆ, ನೋಯಿಸಿದರೆ ಅದಕ್ಕೂ ಸೂಜಿ ಹಾಕೋಣ ಅಂದರು. ಎಷ್ಟು ದಿನ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಗ್ಗಬಾರದು, ಭಾರ ಎತ್ತಬಾರದು. ಬಾಕಿ ಎಲ್ಲ ಮಾಡಬಹುದು.

ಮಾಡಲು ಶುರು ಮಾಡಿದ್ದೇನೆ. ದಿನಾ ಒಂದು ಬೀದಿ ನಡೆಯುತ್ತೇನೆ, ನಾವು ಕೈಯಾಡಿಸಿದ ಗೋಡೆಗಳನ್ನು ನೋಡಿಕೊಂಡು ಬರುತ್ತೇನೆ. ಅಂಚೆ ಕಚೇರಿ ನಿಂತಿದೆ. ಹುಡುಗಿಯರ ಶಾಲೆಯ ಕಮಾನು ಕೂದಲೆಳೆಯಷ್ಟೂ ಬಿರುಕು ಬಿಟ್ಟಿಲ್ಲ. ಆ ಕಮಾನಿನ ಕೆಳಗೆ ಮಧ್ಯಾಹ್ನ ನೀನು ಡಬ್ಬಿ ಬಿಚ್ಚಿ, ನಿನ್ನದು ಪೂರಾ ತಿಂದು ನನ್ನದಕ್ಕೆ ಕೈ ಹಾಕುತ್ತಿದ್ದೆ, ಆದರೂ ಕಡ್ಡಿಯೇ ಆಗಿ ಉಳಿದೆ. ಆ ಅನ್ನವೆಲ್ಲ ಎಲ್ಲಿಗೆ ಹೋಗುತ್ತಿತ್ತೋ. ಔಷಧಿ ಅಂಗಡಿ ಹೋಗಿ ಮೊಬೈಲ್ ಅಂಗಡಿ ಬಂದಿದೆ. ಛತ್ರಿಯವನ ಮೊಮ್ಮಗ ಅಲ್ಲೇ ಪಕ್ಕದಲ್ಲಿ ಚೀಲ ಹೊಲಿಯುತ್ತಾನೆ. ನಾನು ಯಾರು ಅಂತ ಹೇಳಿಕೊಳ್ಳಲಿಲ್ಲ, ಜೀವದ ಮೇಲೆ ಇನ್ನೂ ಆಸೆಯಿದೆ.

ಲೈಬ್ರರಿಗೆ ಮಾತ್ರ ಹೋಗಿಲ್ಲ. ಅದಕ್ಕೆ ಮುಂಚೆ ಇನ್ನೊಂದು ಮನೆಗೆ ಹೋಗಬೇಕು. ಇಂಜಿನಿಯರು ನಿವೃತ್ತರಾಗಿ ನದಿಯಾಚೆ ಮಗನ ಮನೆಯಲ್ಲಿದ್ದಾರಂತೆ. ಎರಡು ಬಸ್ಸು. ನೆಟ್ಟಗೆ ಕೂರಲು ಬರುವಾಗಲೇ ಹೋಗಿ ನಿಜ ಹೇಳಿ ಬರುತ್ತೇನೆ. ಬೇಡ ಅನ್ನಬೇಡ, ನಿನ್ನ ಕಾಗದ ಬರುವಷ್ಟರಲ್ಲಿ ಹೋಗಿ ಬಂದಿರುತ್ತೇನೆ.

ಇಂತಿ,
ಕುಳ್ಳ


ಮೇ ೫

ಕಡ್ಡಿ,

ಹೋಗಿ ಬಂದೆ.

ಅವರಿಗೆ ಎಂಬತ್ತಾಗಿದೆ, ಕಿವಿಗೆ ಯಂತ್ರ. ಬೆಂಕಿಕಡ್ಡಿಗಳನ್ನು ಅಂಟಿಸಿ ಕಟ್ಟಡಗಳ ಪುಟ್ಟ ಮಾದರಿ ಮಾಡುತ್ತಾ ಕೂತಿದ್ದರು. ನನ್ನನ್ನು ನೋಡಿದ ಕೂಡಲೇ "ಪಂಪಿನವನಲ್ಲವೇನಯ್ಯ?" ಅಂದರು. ಕೂರಲಿಲ್ಲ ನಾನು. ಬಸ್ಸಿನಲ್ಲಿ ಉರು ಹೊಡೆದದ್ದನ್ನೆಲ್ಲ ನಿಂತೇ ಒಪ್ಪಿಸಿದೆ. ಹದ ಸರಿಯಿತ್ತು ಸಾರ್, ಅವನು ಎರಡು ಸಲ ಸಾಕು ಅಂದ, ಒತ್ತಿದವನು ನಾನು, ಸುಳ್ಳು ಹೇಳಿದವನೂ ನಾನು.

ಅವರು ಬೆಂಕಿಕಡ್ಡಿ ಅಂಟಿಸುವುದು ನಿಲ್ಲಿಸಲಿಲ್ಲ. "ನನಗೆ ಅವತ್ತೇ ಗೊತ್ತಿತ್ತು ಕಣಯ್ಯ. ಗೋಡೆಯಿಂದ ಉದುರಿದ್ದನ್ನ ಕೈಯಲ್ಲಿ ಹಿಡಿದು ನೋಡಿದ್ದೆ. ಹದ ಬೆಣ್ಣೆ ಹಾಗಿತ್ತು. ಮಾರನೇ ದಿನ ನಿನ್ನನ್ನ ಕರೆಸಿ ಕೆಲಸ ಬಿಡಿಸೋಣ ಅಂತಿದ್ದೆ."

"ಮತ್ತೆ ಯಾಕೆ ಬಿಡಿಸಲಿಲ್ಲ ಸಾರ್?"

"ಸಂಜೆ ಅವನೇ ಬಂದ. ಹದ ತಪ್ಪಿಸಿದ್ದು ನಾನೇ, ಬರ್ಕೊಳ್ಳಿ ಅಂದ. ಸುಳ್ಳು ಹೇಳ್ತಿದ್ದೀಯ ಅಂದೆ. ಬರ್ಕೊಳ್ಳಿ ಸಾರ್ ಅಂದ. ಬೇರೆ ಮಾತೇ ಇಲ್ಲ. ಬರೆಯೋವರೆಗೂ ಮೇಜಿನ ಮುಂದೆ ಕಂಬದ ಹಾಗೆ ನಿಂತಿದ್ದ."

ಆಗ ನಾನು ಕೂತೆ. ಅವರ ಸೊಸೆ ನೀರು ತಂದುಕೊಟ್ಟಳು.

ಹನ್ನೊಂದು ವರ್ಷ ನಿನ್ನನ್ನು ಮುಳುಗಿಸಿದೆ ಅಂತ ಕೊರಗಿದೆ ಕಡ್ಡಿ. ನಿನ್ನ ಹಳೇ ಬೀದಿಯ ಹೆಸರು ಕೇಳಿದರೂ ದಾರಿ ಬದಲಿಸುತ್ತಿದ್ದೆ. ನನ್ನ ಸುಳ್ಳು ಯಾರನ್ನೂ ಮುಳುಗಿಸಿರಲೇ ಇಲ್ಲ, ನೀನೇ ಇಳಿದು ಹೋಗಿದ್ದೆ. ಯಾಕೋ ಹೇಳಲಿಲ್ಲ? ಆ ಮಾರ್ಚಿನ ಕಾಗದದಲ್ಲಾದರೂ ಒಂದು ಸಾಲು ಬರೆಯಬಹುದಿತ್ತಲ್ಲ? ನನಗೆ ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿದೆಯೆಂದರೆ, ಇದನ್ನು ಬರೆಯುತ್ತಾ ಅಳುತ್ತಿದ್ದೇನೆ.

ಯಾಕೆ?

ಕುಳ್ಳ


ಮೇ ೧೯

ಕುಳ್ಳಾ,

ಹೌದು, ಹೋಗಿ ಹೇಳಿದ್ದೆ. ಇಂಜಿನಿಯರು ಹೇಳಬಾರದಿತ್ತು, ಆದರೆ ವಯಸ್ಸಾದವರು.

ಯಾಕೆ ಅಂತ ಕೇಳಿದ್ದೀಯ. ನಿನ್ನನ್ನು ಕೆಲಸದಿಂದ ತೆಗೆದಿದ್ದರೆ ಆ ಊರಿನಲ್ಲಿ ನಿನಗೆ ಇನ್ನೊಂದು ಗೋಡೆ ಸಿಗುತ್ತಿರಲಿಲ್ಲ, ಊರು ಬಿಡಬೇಕಾಗುತ್ತಿತ್ತು. ಅತ್ತಿಗೆಯ ಆಸ್ಪತ್ರೆ, ಡಾಕ್ಟರು ಎಲ್ಲ ಅಲ್ಲೇ ಇದ್ದರು. ಪುಟ್ಟಿಯ ಓದು ಅಲ್ಲೇ ಇತ್ತು. ನಾನು ಒಂಟಿ. ಎಲ್ಲಿ ಚಾಪೆ ಹಾಸಿದರೂ ನನಗೆ ನಿದ್ದೆ ಬರುತ್ತದೆ. ಹತ್ತು ನಿಮಿಷ ಯೋಚಿಸಿದೆ, ಹೋಗಿ ಹೇಳಿದೆ. ಅದು ಕಷ್ಟವಾಗಲಿಲ್ಲ.

ಇಷ್ಟು ಓದಿ ನನ್ನನ್ನು ದೊಡ್ಡ ಮನುಷ್ಯ ಅಂದುಕೊಳ್ಳಬೇಡ. ಮುಂದಿನದನ್ನೂ ಓದು. ಹೇಳಿ ಬಂದ ಮೇಲೆ ಎರಡು ವಾರ ನಾನು ಆ ಊರಲ್ಲೇ ಇದ್ದೆ. ದಿನಾ ಬಾಗಿಲು ತೆರೆದಿಟ್ಟು ಕೂತಿದ್ದೆ. ನೀನು ಬಂದು, ಕಡ್ಡಿ, ತಪ್ಪು ನನ್ನದು ಕಣೋ ಅಂತೀಯ ಅಂತ. ನನಗೆ ಬೇಕಾಗಿದ್ದದ್ದು ಅಷ್ಟೇ. ಬೇರೆಯವರ ಮುಂದೆ ಹೇಳಬೇಕಾಗಿರಲಿಲ್ಲ, ನನ್ನ ಮುಂದೆ ಹೇಳಿದ್ದರೆ ಸಾಕಿತ್ತು. ನೀನು ಬರಲಿಲ್ಲ. ಅತ್ತಿಗೆ ಹೋದ ದಿನವೂ ಗೇಟಿನವರೆಗೆ ಬಂದೆ. ನೀನು ಅಂಗಳದಲ್ಲಿ ಕೂತಿದ್ದೆ. ಒಳಗೆ ಬರಲು ಕಾಲು ಏಳಲಿಲ್ಲ. ಅಷ್ಟು ಸಿಟ್ಟಿತ್ತು. ಹೆಣದ ಮನೆಯ ಮುಂದೆ ನಿಂತು ಸಿಟ್ಟು ಮಾಡಿದವನು ನಾನು. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಪುಟ್ಟಿಗೆ ಇದನ್ನು ನೀನೇ ಹೇಳು.

ಹನ್ನೊಂದು ವರ್ಷ ಕಾದೆ. ಕಾಯುತ್ತಿಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತಾ ಕಾದೆ.

ಫೆಬ್ರವರಿಯಲ್ಲಿ ನಿನ್ನ ಕಾಗದ ಬಂತು. ಎರಡು ಸಲವೂ ಕೇಳಿಸಿತ್ತು ಅಂತ ಬರೆದಿದ್ದೆ. ಅದನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋದೆ. ಮೂರು ದಿನ ನಾನು ಕೂರಿಸಿದ ಟೈಲ್ಸೆಲ್ಲ ಸೊಟ್ಟ ಬಂದವು, ಕಿತ್ತು ಮತ್ತೆ ಹಾಕಿದೆ. ಇಷ್ಟು ದಿನ ಕಾದದ್ದು ಕೈಗೆ ಬಂದರೆ ಅದನ್ನು ಏನು ಮಾಡಬೇಕು ಅಂತ ನನಗೆ ತಿಳಿಯಲಿಲ್ಲ. ಅದಕ್ಕೇ ಉತ್ತರ ಬರೆಯಲಿಲ್ಲ. ಆ ಮೂರು ವಾರ ನೀನು ಕುರ್ಚಿಯಲ್ಲಿ ಕೂತು ನೋವು ತಿಂದದ್ದಕ್ಕೆ ನಾನೂ ಕಾರಣ. ಈಗ ನಾನು ಹೇಳುತ್ತೇನೆ, ಅದು ನನ್ನ ತಪ್ಪು.

ಲೈಬ್ರರಿಗೆ ಒಬ್ಬನೇ ಹೋಗಬೇಡ. ಇಬ್ಬರೂ ಹೋಗೋಣ. ಅದಕ್ಕೆ ಮುಂಚೆ ನೀನು ಇಲ್ಲಿಗೆ ಬಾ. ಆರು ಗಂಟೆಯ ದಾರಿ. ಬಸ್ಸಿನಲ್ಲಿ ಹಿಂದಿನ ಸೀಟು ಬೇಡ, ಎತ್ತಿಹಾಕುತ್ತದೆ. ಪುಟ್ಟಿಯನ್ನೂ ಕರೆದುಕೊಂಡು ಬಾ. ಎಷ್ಟು ದಿನ ಇರುತ್ತೀಯೋ ಇರು. ಸೊಂಟದ ಮೂಳೆ ನೋಯಲು ಶುರುವಾದರೆ ನಾನೇ ಕರೆದುಕೊಂಡು ಹೋಗಿ ಆ ಡಾಕ್ಟರಮ್ಮನಿಗೆ ಒಪ್ಪಿಸುತ್ತೇನೆ, ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ.

ನೀನು ಬಗ್ಗಬಾರದು ಅಂದಿದ್ದಾರಲ್ಲ. ನನ್ನ ಮಂಚ ಬಹಳ ತಗ್ಗು. ನಿನ್ನೆ ಅದರ ನಾಲ್ಕು ಕಾಲಿಗೂ ಎರಡೆರಡು ಇಟ್ಟಿಗೆ ಕೊಟ್ಟು ಎತ್ತರಿಸಿದ್ದೇನೆ. ಮಲಗಿ, ಹೊರಳಿ, ಎದ್ದು ನೋಡಿದೆ, ಅಲ್ಲಾಡುವುದಿಲ್ಲ. ನಿನ್ನ ಕಾಲು ನೆಲಕ್ಕೆ ಮುಟ್ಟುತ್ತದೋ ಇಲ್ಲವೋ ಅದೊಂದೇ ಅನುಮಾನ. ಬಂದು ಕೂತು ಹೇಳು, ಒಂದೊಂದು ಇಟ್ಟಿಗೆ ತೆಗೆಯುತ್ತೇನೆ.

ಕಡ್ಡಿ